ಹುಡುಗರ ಶಾಲೆಯಲ್ಲಿ ‘ಅನಿಸಿಕೆ’ ಬರೆಸಬೇಕಾ? ಜೂನ್‌ನಲ್ಲೇ ಶುರು ಮಾಡಿ

ಜನವರಿ ಬಂತು ಅಂದರೆ ನಮ್ಮ ಕಡೆಯ ಖಾಸಗಿ ಶಾಲೆಗಳಲ್ಲಿ ವಾರ್ಷಿಕ ಸಂಚಿಕೆಯ ಗಡಿಬಿಡಿ ಶುರುವಾಗುತ್ತದೆ. ಹತ್ತನೇ ಕ್ಲಾಸಿನ ಹುಡುಗರಿಗೆ ಒಂದೊಂದು ಹಾಳೆ ಕೊಟ್ಟು, ನಾಳೆಯೊಳಗೆ ಅನಿಸಿಕೆ ಬರೆದು ತನ್ನಿ ಅನ್ನುತ್ತೇವೆ. ಬರುವುದೇನು? ಈ ಶಾಲೆ ನನಗೆ ಶಿಸ್ತು ಕಲಿಸಿತು, ಗುರುಗಳಿಗೆ ಚಿರಋಣಿ, ಹಾಸ್ಟೆಲ್ ನನ್ನ ಎರಡನೇ ಮನೆ. ಎಲ್ಲ ಹಾಳೆಯಲ್ಲೂ ಅದೇ. ಕೆಳಗಿನ ಹೆಸರು ಅದಲು ಬದಲಾದರೂ ಯಾರಿಗೂ ಗೊತ್ತಾಗಲ್ಲ. ಹುಡುಗರಿಗೆ ಬರೆಯಲು ಚೆನ್ನಾಗೇ ಬರುತ್ತದೆ. ಆದರೆ ವರ್ಷವಿಡೀ ಯಾರೂ ಅವರನ್ನು ಏನೂ ಕೇಳಿರುವುದಿಲ್ಲ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹುಡುಗರ ಹಾಸ್ಟೆಲ್ ಇರುವ ಶಾಲೆಯಲ್ಲಿ ಕೆಲಸ ಮಾಡುವ ಮೇಷ್ಟ್ರು, ವಾರ್ಡನ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ಮಾಡಬೇಕಾದ ಕೆಲಸ ಜೂನ್‌ನಲ್ಲಿ ಶಾಲೆ ತೆರೆದ ವಾರದಿಂದಲೇ ಇದೆ.

ಮೊದಲು ಪಾಳಿ ಹಾಕಿ. ಊಟ ಬಡಿಸುವುದು, ಊಟದ ಹಾಲ್ ಒರೆಸುವುದು, ಬಚ್ಚಲ ಒಲೆಗೆ ಸೌದೆ ತಂದಿಡುವುದು, ತರಕಾರಿ ಮಡಿಗೆ ಕೈ ಹಾಕುವುದು. ಪ್ರತಿ ಪಾಳಿಯಲ್ಲೂ ಎಂಟನೇ ಕ್ಲಾಸಿನವರ ಜೊತೆ ಹತ್ತನೆಯವರು ಇರಲಿ. ಸೀನಿಯರ್ ನಿಂತು ನೋಡುವುದು, ಚಿಕ್ಕವನು ಒರೆಸುವುದು ಅಂತಾಗಬಾರದು. ಅದಕ್ಕಾಗಿ ನೀವೂ ವಾರಕ್ಕೊಮ್ಮೆ ಸೌಟು ಹಿಡಿಯಿರಿ. ಬಡಿಸುವ ಹುಡುಗ ಕಲಿಯುವಷ್ಟು ಪಾಠದಲ್ಲಿ ಕಲಿಯಲ್ಲ. ಯಾರು ಸಾರನ್ನು ಎರಡು ಸಲ ಹಾಕಿಸಿಕೊಳ್ಳುತ್ತಾನೆ, ಯಾರು ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ, ಮನೆಗೆ ಫೋನ್ ಮಾಡಿ ಬಂದವನು ಯಾಕೆ ತಟ್ಟೆ ಮುಂದೆ ತಲೆ ತಗ್ಗಿಸಿ ಕೂತಿದ್ದಾನೆ, ಇದೆಲ್ಲ ಅವನ ಕಣ್ಣಿಗೆ ಬೀಳುತ್ತದೆ. ಒಬ್ಬ ಎಂಟನೇ ಕ್ಲಾಸಿನವನು ತನ್ನ ಹಾಳೆಯಲ್ಲಿ ಬರೆದದ್ದು ಇಷ್ಟೇ: ಹಪ್ಪಳ ಕಡಿಮೆ ಬಿದ್ದ ದಿನ ಕೊನೇ ಸಾಲಿಗೆ ಹೋಗಲು ಹೆದರಿಕೆ, ಆದರೆ ಅಲ್ಲಿದ್ದ ಅಣ್ಣ ತನ್ನ ಹಪ್ಪಳವನ್ನೇ ಮುರಿದು ಪಕ್ಕದವನಿಗೆ ಕೊಟ್ಟ. ಒಟ್ಟಿಗೆ ಬದುಕುವುದು ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಯಾವ ಭಾಷಣವೂ ಹೇಳಿಲ್ಲ.

ಎರಡನೆಯದು ಶನಿವಾರದ ಸಭೆ. ಸಂಜೆ ಚಹಾ ಆದಮೇಲೆ ನೆಲದ ಮೇಲೆ ವೃತ್ತವಾಗಿ ಕೂರಿಸಿ. ಅಧ್ಯಕ್ಷ ಒಬ್ಬ ಹುಡುಗ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವವನು ಇನ್ನೊಬ್ಬ. ಇಬ್ಬರೂ ಪ್ರತಿ ವಾರ ಬದಲಾಗಲಿ. ದೂರುಗಳು ಮೊದಲು ಬರಲಿ. ಬಿಸಿನೀರು ಸಾಲುತ್ತಿಲ್ಲ, ಮಳೆಗಾಲದಲ್ಲಿ ಯೂನಿಫಾರ್ಮ್ ಒಣಗುತ್ತಿಲ್ಲ, ಒದ್ದೆ ಸಾಕ್ಸ್ ಯಾರೋ ಬೇರೆಯವರ ಮಂಚಕ್ಕೆ ಹಾಕುತ್ತಾರೆ. ನೀವು ಆ ಹೊತ್ತಿಗೆ ಸಮರ್ಥನೆಗೆ ಇಳಿಯಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಮುಂದಿನ ಶನಿವಾರ ಮೊದಲು ಓದುವುದು ಹಿಂದಿನ ವಾರದ ದೂರಿಗೆ ಏನು ಮಾಡಿದೆವು ಅನ್ನುವುದನ್ನು. ಆಗಲಿಲ್ಲ ಅಂದರೆ ಆಗಲಿಲ್ಲ, ಕಾರಣ ಇದು ಅಂತ ಹೇಳಿ. ಇದನ್ನು ತಪ್ಪಿಸಿದಿರೋ, ಸಭೆ ಹೆಸರಿಗಷ್ಟೇ ಉಳಿಯುತ್ತದೆ. ಹೇಳಿ ಪ್ರಯೋಜನವಿಲ್ಲ ಅಂತ ಹುಡುಗರಿಗೆ ಬಹಳ ಬೇಗ ಅರ್ಥವಾಗುತ್ತದೆ, ಒಮ್ಮೆ ಬಾಯಿ ಮುಚ್ಚಿದರೆ ಜನವರಿಯಲ್ಲೂ ತೆರೆಯಲ್ಲ.

ಬರೆಸುವುದಕ್ಕೆ ಸರಿಯಾದ ಹೊತ್ತು ಯಾವುದು ಅಂತ ಕೇಳಿದರೆ ನಾನು ಮಳೆ ರಜೆ ಅನ್ನುತ್ತೇನೆ. ಪುನರ್ವಸು, ಪುಷ್ಯ ಮಳೆ ಹಿಡಿದು, ಹಳ್ಳ ತುಂಬಿ, ಜಿಲ್ಲಾಧಿಕಾರಿ ರಜೆ ಘೋಷಿಸಿದಾಗ ಮನೆಯಿಂದ ಬಂದು ಹೋಗುವ ಹುಡುಗರಿಗೆ ಹಬ್ಬ. ಹಾಸ್ಟೆಲ್ ಹುಡುಗರಿಗೆ ಹಾಗಲ್ಲ. ಮೈದಾನಕ್ಕೆ ಇಳಿಯುವ ಹಾಗಿಲ್ಲ, ಕರೆಂಟ್ ಇಲ್ಲ, ಕೇರಂ ಬೋರ್ಡಿನ ಸುತ್ತ ಜಾಗ ಇಲ್ಲ, ಮಧ್ಯಾಹ್ನದ ಹೊತ್ತಿಗೆ ಸಣ್ಣ ಜಗಳ ಗ್ಯಾರಂಟಿ. ಹೆಚ್ಚು ಮನೆ ನೆನಪಾಗುವುದೂ ಆಗಲೇ. ಅಂಥ ದಿನ ಮೂರು ಗಂಟೆಗೆ ಬಿಸಿ ಬಿಸಿ ಏನಾದರೂ ತಿನ್ನಲು ಕೊಟ್ಟು, ಒಂದೊಂದು ಹಾಳೆ ಹಂಚಿ.

ಕೇಳುವ ಪ್ರಶ್ನೆ ಮುಖ್ಯ. ‘ನಿನಗೆ ಹೇಗನಿಸುತ್ತದೆ’ ಅಂತ ಕೇಳಿದರೆ ಹದಿನಾಲ್ಕರ ಹುಡುಗ ‘ಚೆನ್ನಾಗಿದೆ ಸಾರ್’ ಅನ್ನುತ್ತಾನೆ, ಮುಗಿಯಿತು. ನಾಲ್ಕು ಜನ ಗಂಡುಹುಡುಗರ ಎದುರು ಅಮ್ಮ ನೆನಪಾಗುತ್ತಾಳೆ ಅನ್ನಲು ಅವನಿಗೆ ನಾಚಿಕೆ. ಆದ್ದರಿಂದ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಿಷಯ ಕೇಳಿ. ಲೈಟ್ ಆರಿಸಿದ ಮೇಲೆ ನಿನ್ನ ಮಂಚದಿಂದ ಏನೇನು ಕೇಳುತ್ತದೆ? ಮನೆಯಿಂದ ಬಂದ ಚಕ್ಕುಲಿ ಡಬ್ಬಿಯನ್ನು ಯಾರಿಗೆ ಕೊಟ್ಟೆ, ಯಾರಿಂದ ಬಚ್ಚಿಟ್ಟೆ? ಯಾರ ಹತ್ತಿರ ಸಾರಿ ಕೇಳಬೇಕಿತ್ತು, ಇನ್ನೂ ಕೇಳಿಲ್ಲ? ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದವನಿಗೆ, ಇಲ್ಲಿಯ ಮಳೆಯಲ್ಲಿ ಮೊದಲ ವಾರ ಹೇಗೆ ಕಳೆದೆ ಅಂತ ಕೇಳಿ ನೋಡಿ. ಉಂಬಳ (ಜಿಗಣೆ) ಕಚ್ಚಿದ್ದು, ಟ್ರಂಕಿನೊಳಗಿನ ಬಟ್ಟೆಗೆ ಬೂಷ್ಟು ಹಿಡಿದದ್ದು, ಎಲ್ಲ ಪುಟಗಟ್ಟಲೆ ಬರುತ್ತದೆ. ಹೆಸರು ಹಾಕುವುದು ಬಿಡುವುದು ಅವರಿಷ್ಟ.

ಪ್ರವಾಸ ಅಥವಾ ನಾಟಕ ಆದಮೇಲೆ ಅದೇ ರಾತ್ರಿ ಬರೆಸಬೇಡಿ. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆ 1949ರಿಂದ ಇದೆ. ಅಲ್ಲಿಯ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಬಗ್ಗೆ ಮರುದಿನ ಕೂತು ಮಾತಾಡುತ್ತಾರೆ. ಶಾಲೆಗೂ ಅದೇ ಒಳ್ಳೆಯ ಕ್ರಮ. ಸಕ್ರೆಬೈಲಿನ ಆನೆ ಬಿಡಾರಕ್ಕೋ ಕುವೆಂಪು ಅವರ ಕುಪ್ಪಳಿಗೋ ಹೋಗಿ ಬಂದರೆ, ಬಸ್ ಎಷ್ಟು ಗಂಟೆಗೆ ಹೊರಟಿತು ಅನ್ನುವುದು ಬೇಡ ಅಂತ ಮೊದಲೇ ಹೇಳಿ. ಆನೆ ಮೈ ತೊಳೆಸಿಕೊಳ್ಳುವಾಗ ಮಾವುತ ಎಲ್ಲಿ ಕೈ ಇಟ್ಟಿದ್ದ, ಅಷ್ಟನ್ನೇ ಬರೆಯಲಿ.

ಓದಿ ಹೇಳುವಾಗ ಒಂದೇ ನಿಯಮ: ಯಾರೂ ನಗುವಂತಿಲ್ಲ, ಮೇಷ್ಟ್ರೂ ಸೇರಿ. ಓದಲು ಇಷ್ಟವಿಲ್ಲದವನನ್ನು ಒತ್ತಾಯ ಮಾಡಬೇಡಿ. ತಿದ್ದುವುದು ಕಾಗುಣಿತಕ್ಕೆ ಮಾತ್ರ. ‘ಅಪ್ಪಯ್ಯ’ ಅಂತ ಬರೆದವನ ಹಾಳೆಯಲ್ಲಿ ‘ಪೂಜ್ಯ ತಂದೆಯವರು’ ಅಂತ ಕೆಂಪು ಇಂಕಿನಲ್ಲಿ ಗೀಚಿದರೆ ಆ ಅಪ್ಪಯ್ಯ ಅಲ್ಲಿಂದ ಎದ್ದು ಹೋಗುತ್ತಾರೆ.

ಇನ್ನೊಂದು ಮಾತು, ದಯವಿಟ್ಟು ಗಮನವಿಟ್ಟು ಓದಿ. ಹೀಗೆ ಬರೆಸಿದಾಗ ಕೆಲವೊಮ್ಮೆ ಭಾರವಾದದ್ದೂ ಬರುತ್ತದೆ. ಸೀನಿಯರ್ ಹೊಡೆದದ್ದು, ದುಡ್ಡು ಕಿತ್ತುಕೊಂಡದ್ದು, ಯಾರೋ ಮುಟ್ಟಬಾರದ ಕಡೆ ಮುಟ್ಟಿದ್ದು. ಅದನ್ನು ಸಭೆಯಲ್ಲಿ ಓದಬೇಡಿ, ಸ್ಟಾಫ್ ರೂಮಿನಲ್ಲಿ ಚರ್ಚೆಗೆ ಇಡಬೇಡಿ. ಹುಡುಗನ ಜೊತೆ ಒಬ್ಬರೇ ಕೂತು ಮಾತಾಡಿ, ಅವತ್ತೇ ಕ್ರಮ ಕೈಗೊಳ್ಳಿ. ಲೈಂಗಿಕ ಕಿರುಕುಳವಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಶಾಲೆಯ ಮರ್ಯಾದೆ ಅಂತ ಮುಚ್ಚಿಡುವುದು ಅಪರಾಧ. ಮಕ್ಕಳ ಸಹಾಯವಾಣಿ 1098ನ್ನು ಹಾಸ್ಟೆಲ್ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿಡಿ, ಹುಡುಗರು ತಾವಾಗಿಯೇ ಫೋನ್ ಮಾಡಲು ಒಂದು ದಾರಿಯೂ ಇರಲಿ.

ಜನವರಿ ಹೊತ್ತಿಗೆ ನಿಮ್ಮ ಕೈಯಲ್ಲಿ ಹಾಳೆಗಳ ಕಟ್ಟೇ ಇರುತ್ತದೆ. ಅದರಿಂದ ಆರಿಸಿ, ಅಚ್ಚಿಗೆ ಹಾಕಬಹುದಾ ಅಂತ ಬರೆದವನನ್ನೇ ಕೇಳಿ. ಮೆಸ್ ಬಗ್ಗೆ ದೂರು ಇದೆ ಅನ್ನುವ ಕಾರಣಕ್ಕೆ ಒಳ್ಳೆಯ ಬರಹ ಬಿಡಬೇಡಿ. ಆಡಳಿತ ಮಂಡಳಿಯವರು ಬೇಜಾರು ಮಾಡಿಕೊಂಡರೆ, ಆ ದೂರಿಗೆ ಏನು ಮಾಡಿದಿರಿ ಅನ್ನುವ ಸಭೆಯ ನೋಟ್‌ಬುಕ್ ತೋರಿಸಿ. ಉಳಿದ ಹಾಳೆಗಳನ್ನು ಅವರವರಿಗೆ ವಾಪಸ್ ಕೊಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆಯೇ ಕೊಟ್ಟುಬಿಡಿ. ಕೊನೇ ಪೇಪರ್ ಮುಗಿದ ಸಂಜೆಯೇ ಟ್ರಂಕು, ಹಾಸಿಗೆ ಹೇರಿಕೊಂಡು ಹುಡುಗರು ಹೊರಟುಬಿಡುತ್ತಾರೆ, ಆಮೇಲೆ ಯಾರೂ ಕೈಗೆ ಸಿಗಲ್ಲ.