ಸ್ಕೋಪ್ ಕೂರಿಸುವುದು ಮೊದಲು, ಕ್ಲಿಕ್ ತಿರುಗಿಸುವುದು ಆಮೇಲೆ

ಏರ್ ರೈಫಲ್ ಕೊಂಡವರು ಮೊದಲ ವಾರ ಸ್ಕೋಪ್ (ಗುರಿ ನೋಡುವ ದುರ್ಬೀನು) ಹುಡುಕುತ್ತಾರೆ, ಎರಡನೆಯ ವಾರ ಅದನ್ನು ಬೈಯಲು ಶುರುಮಾಡುತ್ತಾರೆ. ನಾನು ಕಂಡ ಮಟ್ಟಿಗೆ ತಪ್ಪು ಗಾಜಿನದಲ್ಲ, ಕೂರಿಸಿದ ಕೈಯದು. ಇಲ್ಲಿ ಹೇಳುತ್ತಿರುವುದು ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಸಿಗುವ, 4.5 ಮಿ.ಮೀ. ನಳಿಗೆಯ, ಹೊಡೆತದ ಶಕ್ತಿ 20 ಜೂಲ್ ಮೀರದ ಸ್ಪ್ರಿಂಗ್ ರೈಫಲ್‌ಗಳ ವಿಷಯ.

ಸ್ಪ್ರಿಂಗ್ ರೈಫಲ್ ಎರಡು ಸಲ ಒದೆಯುತ್ತದೆ. ಸ್ಪ್ರಿಂಗ್ ತಳ್ಳುವ ಪಿಸ್ಟನ್ ಮುಂದೆ ನುಗ್ಗುವಾಗ ಬಂದೂಕು ಹಿಂದೆ ಸರಿಯುತ್ತದೆ, ಪಿಸ್ಟನ್ ಬಡಿದು ನಿಂತಾಗ ಮುಂದಕ್ಕೆ ಜಿಗಿಯುತ್ತದೆ. ಈ ಎರಡನೆಯ ಒದೆತಕ್ಕೆ ತಯಾರಿಲ್ಲದ ಸ್ಕೋಪಿನ ಒಳಭಾಗ ಸಡಿಲವಾಗುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲೆ ‘ಏರ್‌ಗನ್’ ಎಂದು ಬರೆದದ್ದನ್ನೇ ಕೊಳ್ಳಿ. 10 ಮೀಟರ್‌ಗೂ ಸ್ಪಷ್ಟವಾಗಿ ಹೊಂದಿಸಬಹುದಾದ ಉಂಗುರ ಅದರಲ್ಲಿರಲಿ. ಬಂದೂಕಿನ ಜೊತೆ ಪುಕ್ಕಟೆ ಬರುವ ಸಣಕಲು 4×20 ಸ್ಕೋಪ್ ಆಟಿಕೆ ಎಂದೇ ತಿಳಿಯಿರಿ.

ಬಂದೂಕಿನ ಮೇಲಿನ 11 ಮಿ.ಮೀ. ಹಳಿಯನ್ನೂ, ಸ್ಕೋಪನ್ನು ಅದಕ್ಕೆ ಹಿಡಿಸುವ ಕ್ಲಾಂಪನ್ನೂ ಎಣ್ಣೆ ಹೋಗುವಂತೆ ಒರೆಸಿ, ಕ್ಲಾಂಪನ್ನು ಹಳಿಗೆ ಬಿಗಿಯಿರಿ. ಅದರಡಿಯ ತಡೆಗೂಟ ಹಳಿಯ ತೂತಿನಲ್ಲಿ ಕೂರಲೇಬೇಕು. ಇಲ್ಲದಿದ್ದರೆ ಸ್ಕೋಪ್ ಪ್ರತಿ ಹೊಡೆತಕ್ಕೂ ಕೂದಲೆಳೆಯಷ್ಟು ಹಿಂದೆ ಜಾರುತ್ತದೆ. ಇನ್ನು ಕಣ್ಣು ಮುಚ್ಚಿ ಬಂದೂಕನ್ನು ಭುಜಕ್ಕೆ ತನ್ನಿ, ಕಣ್ಣು ತೆರೆದಾಗ ಚಿತ್ರ ತುಂಬಿ ಕಾಣುವವರೆಗೆ ಸ್ಕೋಪನ್ನು ಹಿಂದೆ ಮುಂದೆ ಸರಿಸಿ.

ಎಲ್ಲರೂ ಕೆಡಿಸುವುದು ಇದರ ನಂತರದ ಹಂತವನ್ನು. ಸ್ಕೋಪಿನೊಳಗಿನ ಅಡ್ಡಗೆರೆ, ಉದ್ದಗೆರೆಗಳನ್ನು ಕಣ್ಣಂದಾಜಿನಲ್ಲಿ ನೇರ ಮಾಡಲು ಹೋಗಬೇಡಿ. ಕಣ್ಣು ಮೋಸ ಮಾಡುತ್ತದೆ. ಬಂದೂಕನ್ನು ಮರಳುಚೀಲಗಳ ನಡುವೆ ನಿಲ್ಲಿಸಿ, ಹಳಿಯ ಮೇಲೆ ಪುಟ್ಟ ರಸಮಟ್ಟ ಅಡ್ಡಲಾಗಿಟ್ಟು ಸಮ ಮಾಡಿ. ಹತ್ತು ಮೀಟರ್ ದೂರದಲ್ಲಿ ಬಿಳಿ ದಾರಕ್ಕೆ ಒಂದು ಭಾರದ ನಟ್ಟು ಕಟ್ಟಿ ಇಳಿಬಿಡಿ. ಉದ್ದಗೆರೆ ಆ ದಾರದ ಮೇಲೆ ಪೂರ್ತಿ ಮಲಗುವಂತೆ ಸ್ಕೋಪನ್ನು ಹೊರಳಿಸಿ. ಈಗ ಕ್ಲಾಂಪಿನ ಮೇಲಿನ ಸ್ಕ್ರೂಗಳನ್ನು ಕೋನದಿಂದ ಕೋನಕ್ಕೆ, ಒಮ್ಮೆಗೆ ಕಾಲು ಸುತ್ತಿನಂತೆ ಬಿಗಿಯಿರಿ. ಪ್ರತಿ ಸುತ್ತಿಗೂ ಮತ್ತೆ ದಾರ ನೋಡಿ, ಏಕೆಂದರೆ ಬಿಗಿಯುವಾಗಲೇ ಸ್ಕೋಪ್ ಒಂದು ಪಕ್ಕಕ್ಕೆ ಹೊರಳುತ್ತದೆ. ಎಲನ್ ಕೀಯ ಗಿಡ್ಡ ತುದಿಯನ್ನು ಎರಡೇ ಬೆರಳಲ್ಲಿ ಹಿಡಿಯಿರಿ. ಸುಮಾರು 2 ನ್ಯೂಟನ್-ಮೀಟರ್ ಸಾಕು. ಲಾರಿ ಚಕ್ರಕ್ಕೆ ಬಿಗಿದಂತೆ ಬಿಗಿದು ಕೊಳವೆಯನ್ನೇ ನೆಗ್ಗಿಸಿದವರನ್ನು ನೋಡಿದ್ದೇನೆ. ಗೆರೆ ವಾರೆಯಾಗಿದ್ದರೆ ಮೇಲಕ್ಕೆ ತಿರುಗಿಸಿದ ಕ್ಲಿಕ್ (ಗುರಿ ಹೊಂದಿಸುವ ತಿರುಗುಗುಬ್ಬಿಯ ಒಂದು ಹೆಜ್ಜೆ) ಪಕ್ಕಕ್ಕೂ ಒಯ್ಯುತ್ತದೆ. ಹತ್ತು ಮೀಟರ್‌ಗೆ ಸರಿಯಿದ್ದದ್ದು ಇಪ್ಪತ್ತೈದಕ್ಕೆ ಹೋದಾಗ ಈ ತಪ್ಪು ಬಯಲಾಗುತ್ತದೆ.

ಗುರಿ ಹೊಂದಿಸುವುದು ಸುಲಭ, ಲೆಕ್ಕ ಗೊತ್ತಿದ್ದರೆ. ಕಾಲು ಮಿನಿಟಿನ (ಮಿನಿಟ್ ಎಂದರೆ ಡಿಗ್ರಿಯ ಅರವತ್ತನೆಯ ಒಂದು ಪಾಲು) ಒಂದು ಕ್ಲಿಕ್ ನೂರು ಮೀಟರ್‌ನಲ್ಲಿ 7 ಮಿ.ಮೀ., ಹತ್ತು ಮೀಟರ್‌ನಲ್ಲಿ ಬರೀ 0.7 ಮಿ.ಮೀ. ನಾಲ್ಕು ಕ್ಲಿಕ್ ತಿರುಗಿಸಿ ‘ಏನೂ ಆಗಲಿಲ್ಲ’ ಎನ್ನುವವರು ಇದನ್ನು ಮರೆತಿರುತ್ತಾರೆ: ಅವರು ಸರಿಸಿದ್ದು ಪೆಲೆಟ್ಟಿನ (ಸೀಸದ ಪುಟ್ಟ ಗುಂಡಿನ) ದಪ್ಪಕ್ಕಿಂತ ಕಡಿಮೆ. ಹತ್ತು ಮೀಟರ್ ದೂರದಲ್ಲಿ ಎರಡು ಸೆಂಟಿಮೀಟರ್ ಕೆಳಗೆ ಬೀಳುತ್ತಿದ್ದರೆ ಸುಮಾರು 28 ಕ್ಲಿಕ್ ಮೇಲಕ್ಕೆ ತಿರುಗಿಸಬೇಕು. ಐದು ಹೊಡೆದು ಗುಂಪಿನ ನಡು ನೋಡಿ ತಿರುಗಿಸಿ, ಒಂದೊಂದು ತೂತಿನ ಬೆನ್ನು ಹತ್ತಬೇಡಿ. ಬಂದೂಕಿನ ಮುಂಭಾಗ ಅಂಗೈ ಮೇಲೆ ಸಡಿಲವಾಗಿ ಕೂರಲಿ; ಮೇಜಿಗೆ ಒತ್ತಿದರೆ ಗುಂಪು ಚದುರುತ್ತದೆ. ಗುರಿಯ ಹಿಂದೆ ಪೆಲೆಟ್ಟನ್ನು ನುಂಗಿ ನಿಲ್ಲಿಸುವ ತಡೆ, ಕಣ್ಣಿಗೆ ಕನ್ನಡಕ ಇರಲೇಬೇಕು: ಪೆಲೆಟ್ ಪುಟಿದು ಬರುತ್ತದೆ.

ದೊಡ್ಡ ರೈಫಲ್‌ನವರು ಮದ್ದಿನ ತೂಕ ಹೊಂದಿಸುವುದಕ್ಕೆ ಬದಲಾಗಿ ನಮಗಿರುವುದು ಪೆಲೆಟ್ ಆರಿಸುವ ಕೆಲಸ. ಚಪ್ಪಟೆ ತಲೆಯದು ಹತ್ತು ಮೀಟರ್ ಕಾಗದಕ್ಕೆ ಚೆನ್ನ. ದೂರಕ್ಕೆ ಗುಂಡುತಲೆಯದೇ ಸರಿ. ಒಂದೇ ತೂಕದ ಪೆಲೆಟ್ಟಿನಲ್ಲೂ ತಲೆಯ ಅಳತೆ 4.50, 4.51, 4.52 ಎಂದು ಬೇರೆಬೇರೆ ಸಿಗುತ್ತದೆ. ನಿಮ್ಮ ನಳಿಗೆಗೆ ಯಾವುದು ಹಿಡಿಸುತ್ತದೆ ಎಂದು ಅಂಗಡಿಯವನು ಹೇಳಲಾರ. ಮೂರು ಬಗೆ ತಂದು, ಬದಲಿಸಿದಾಗ ಮೊದಲ ಹದಿನೈದು ಹೊಡೆತ ಲೆಕ್ಕಕ್ಕೆ ಹಿಡಿಯದೆ, ಆಮೇಲೆ ಹತ್ತತ್ತು ಹೊಡೆದು ನೋಡಿ. ಮೂರು ಹೊಡೆತದ ಗುಂಪನ್ನು ಫೋಟೊ ತೆಗೆದು ಹಂಚುವುದು ತನಗೆ ತಾನೇ ಟೋಪಿ ಹಾಕಿಕೊಂಡಂತೆ. ತಕ್ಕಡಿ ಹಿಡಿದು ಒಂದೊಂದೇ ತೂಗುವುದಕ್ಕಿಂತ, ಲಂಗ (ಹಿಂಬದಿಯ ತೆಳು ಅಂಚು) ನೆಗ್ಗಿದವನ್ನು ಆರಿಸಿ ಬಿಸಾಡುವುದು ಮೇಲು. ಪೆಲೆಟ್ಟಿಗೆ ಎಣ್ಣೆ ಹಚ್ಚಬೇಡಿ, ಪಿಸ್ಟನ್ನಿನ ಒತ್ತಡಕ್ಕೆ ಅದು ಹೊತ್ತಿಕೊಂಡು ಹೊಗೆ, ಸದ್ದು, ತಪ್ಪಿದ ಗುರಿ. ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮುನ್ನ ಸೋಪಿನಲ್ಲಿ ತೊಳೆಯಿರಿ.

ಹಿಡಿಸಿದ ಡಬ್ಬಿಯ ಹಿಂಬದಿಯಲ್ಲಿ ತಯಾರಿಕೆಯ ಬ್ಯಾಚ್ ಸಂಖ್ಯೆಯಿದ್ದರೆ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅದೇ ಸಂಖ್ಯೆಯ ಐದು ಡಬ್ಬಿ ಕೇಳಿ.