ತೆರಿಗೆ ರಸೀದಿಯಿಂದ ಶುರುವಾಗುವ ನನ್ನ ಸಂವಿಧಾನ ಪಾಠ

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಪುಸ್ತಕದಲ್ಲಿ ರಾಜ್ಯಶಾಸ್ತ್ರದ ಭಾಗ ಚಿಕ್ಕದು. ಮಕ್ಕಳು ಅದನ್ನು ಅಂಕದ ಲೆಕ್ಕದಲ್ಲಿ ಉರು ಹೊಡೆಯುತ್ತಾರೆ. ಮೂಲಭೂತ ಹಕ್ಕುಗಳು ಎಷ್ಟು? ಆರು. ವೋಟು ಹಾಕುವ ವಯಸ್ಸು? ಹದಿನೆಂಟು. ಅಲ್ಲಿಗೆ ಮುಗಿಯಿತು.

ಈ ಹದಿನೆಂಟೇ ದೊಡ್ಡ ತೊಡಕು. ಅದು ಕಿವಿಗೆ ಬಿದ್ದ ಕೂಡಲೇ ಹದಿನಾಲ್ಕರ ಹುಡುಗನಿಗೆ ಇದೆಲ್ಲ ದೊಡ್ಡವರ ವಿಷಯ ಅನ್ನಿಸಿಬಿಡುತ್ತದೆ. ವೋಟರ್ ಐಡಿ ಬರುವ ತನಕ ತಾನು ಈ ದೇಶದ ನಾಗರಿಕನೇ ಅಲ್ಲ ಎಂದುಕೊಳ್ಳುತ್ತಾನೆ. ಆದರೆ ಸಮಾನತೆ, ಮಾತಾಡುವ ಸ್ವಾತಂತ್ರ್ಯ, ಬದುಕುವ ಹಕ್ಕು ಯಾವುದಕ್ಕೂ ಸಂವಿಧಾನ ವಯಸ್ಸು ಕೇಳುವುದಿಲ್ಲ. ಮಕ್ಕಳಿಗೆ ಅಂತಲೇ ಇರುವ ಕೆಲವು ಕಾನೂನುಗಳ ರಕ್ಷಣೆ ಹದಿನೆಂಟು ತುಂಬಿದರೆ ಸಿಗುವುದೂ ಇಲ್ಲ. ಹಾಗಾಗಿ ಅವರಿಗೆ ಇವತ್ತು ಯಾವ ಕಾನೂನು ತಗಲುತ್ತದೋ ಅಲ್ಲಿಂದಲೇ ನಾನು ಪಾಠ ಶುರು ಮಾಡುತ್ತೇನೆ.

ಮೊದಲ ಕೆಲಸ ಬಹಳ ಸುಲಭದ್ದು. ಮನೆಯಲ್ಲಿ ಪಂಚಾಯತಿ ಕಂದಾಯದ ರಸೀದಿ ಇದ್ದರೆ ಒಂದು ದಿನದ ಮಟ್ಟಿಗೆ ತನ್ನಿ ಅನ್ನುತ್ತೇನೆ. ಕೆಲವರು ರಸೀದಿ ತರುತ್ತಾರೆ, ಕೆಲವರು "ಅಪ್ಪ ಎಲ್ಲಿಟ್ಟಿದ್ದಾರೋ ಗೊತ್ತಿಲ್ಲ ಸಾರ್" ಅನ್ನುತ್ತಾರೆ. ಗುಂಪಿಗೊಂದು ರಸೀದಿ ಕೊಟ್ಟು, ಒಂದೊಂದು ಸಾಲನ್ನೂ ಜೋರಾಗಿ ಓದಿಸುತ್ತೇನೆ. ಮನೆ ಕಂದಾಯದ ಕೆಳಗೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಇರುತ್ತದೆ. ಭಿಕ್ಷುಕರ ಕರ ಅಂದ ಕೂಡಲೇ ಇಡೀ ಕ್ಲಾಸಿನ ನಿದ್ದೆ ಹೋಗುತ್ತದೆ. "ಸಾರ್, ಭಿಕ್ಷುಕರೂ ಕಂದಾಯ ಕಟ್ಟಬೇಕಾ?" ಅಂತ ಕೇಳುತ್ತಾರೆ. ಅಲ್ಲ ಕಣಪ್ಪ, ನಿರ್ಗತಿಕರ ಪುನರ್ವಸತಿಗೆ ಅಂತ ನಿಮ್ಮ ಮನೆಯಿಂದ ತಗೊಳ್ಳುವ ಹಣ ಅದು, ಕಂದಾಯದ ಮೇಲೆ ನೂರಕ್ಕೆ ಮೂರು. ಗ್ರಂಥಾಲಯಕ್ಕೆ ನೂರಕ್ಕೆ ಆರು.

ಪ್ರಶ್ನೆ ಹುಟ್ಟುವುದು ಇಲ್ಲಿಂದ. ನಮ್ಮ ಶಾಲೆಯ ಹತ್ತಿರವೇ ಪಂಚಾಯತಿ ಗ್ರಂಥಾಲಯ ಇದೆ, ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. ಒಂದು ವರ್ಷ ಒಂಬತ್ತನೇ ಕ್ಲಾಸಿನ ಮಕ್ಕಳು ಅದರ ಮೇಲೆ ಮುರಿದುಕೊಂಡು ಬಿದ್ದರು. ಶಾಲೆ ಬಿಡುವ ಹೊತ್ತಿಗೆ ಅದರ ಬಾಗಿಲು ಹಾಕಿರುತ್ತಿತ್ತು. ನಾವು ದುಡ್ಡು ಕಟ್ಟಿದ್ದೇವಲ್ಲ, ಯಾಕೆ ಮುಚ್ಚಿರುತ್ತಾರೆ ಎಂಬುದು ಅವರ ಸಿಟ್ಟು. ಆ ಸಿಟ್ಟನ್ನು ಹಾಗೇ ಬಿಡಬಾರದು, ಅದಕ್ಕೊಂದು ದಾರಿ ತೋರಿಸಬೇಕು. ಮಾಹಿತಿ ಹಕ್ಕು ಕಾಯ್ದೆ 2005 ಅನ್ನು ನಾನು ಕಲಿಸುವುದು ಇಂಥ ಹೊತ್ತಿನಲ್ಲೇ.

ಆ ಕಾಯ್ದೆಯಲ್ಲಿ ಅರ್ಜಿ ಹಾಕುವವರು ನಾಗರಿಕರಾಗಿರಬೇಕು ಎಂದಿದೆ, ಇಷ್ಟು ವಯಸ್ಸಾಗಿರಬೇಕು ಎಂದಿಲ್ಲ. ಅದನ್ನು ಕೇಳಿದಾಗ ಮಕ್ಕಳ ಮುಖ ನೋಡಬೇಕು ನೀವು. ಕಷ್ಟ ಇರುವುದು ಅರ್ಜಿ ಬರೆಯುವುದರಲ್ಲಿ. ಎಲ್ಲರ ಮೊದಲ ಕರಡಿನಲ್ಲೂ "ಯಾಕೆ" ಇರುತ್ತದೆ. ಗ್ರಂಥಾಲಯ ಯಾಕೆ ತೆರೆಯುವುದಿಲ್ಲ? ಹಣ ಎಲ್ಲಿ ಹೋಯಿತು? ಇಂಥ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಸಿಗುವುದು ಕಚೇರಿಯಲ್ಲಿ ಇರುವ ದಾಖಲೆ ಮಾತ್ರ. ಆದ್ದರಿಂದ ಪ್ರತಿ ಸಿಟ್ಟಿನ ಹಿಂದೆ ಯಾವ ಕಾಗದ ಇದೆ ಎಂದು ಹುಡುಕಬೇಕು. ಯಾಕೆ ತೆರೆಯುವುದಿಲ್ಲ ಎನ್ನುವುದರ ಬದಲು ಗ್ರಂಥಾಲಯದ ಸಮಯ ನಿಗದಿ ಮಾಡಿದ ಆದೇಶದ ಪ್ರತಿ, ಹಾಜರಿ ಪುಸ್ತಕದ ಪ್ರತಿ ಎಂದು ಬರೆದರು. ಹಣ ಎಲ್ಲಿ ಎನ್ನುವುದರ ಬದಲು ಗ್ರಂಥಾಲಯ ಕರದ ಬೇಡಿಕೆ (ಬರಬೇಕಾದ ಒಟ್ಟು ಹಣ), ವಸೂಲಿ, ಬಾಕಿಯ ವಿವರ ಎಂದು ತಿದ್ದಿದರು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಎರಡು ಪುಟ ಬರೆದುಕೊಂಡು ಬಂದವರು ಅದನ್ನು ಕತ್ತರಿಸಿ ಕತ್ತರಿಸಿ ನಾಲ್ಕೈದು ಸಾಲಿಗೆ ಇಳಿಸಿದರು. ಕನ್ನಡದ ಪಿರಿಯಡ್ಡಿನಲ್ಲೂ ಇಷ್ಟು ಶ್ರದ್ಧೆಯಿಂದ ಬರೆದಿರಲಿಕ್ಕಿಲ್ಲ. ಅಂಚೆ ಕಚೇರಿಯಿಂದ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಂದು ಲಗತ್ತಿಸಿದೆವು. ಇಬ್ಬರು ಹುಡುಗಿಯರು ಪಂಚಾಯತಿಗೆ ಹೋಗಿ ಕೊಟ್ಟು, ಸ್ವೀಕೃತಿಗೆ ಸೀಲು ಹಾಕಿಸಿಕೊಂಡು ಬಂದರು.

ಮೂವತ್ತು ದಿನದೊಳಗೆ ಉತ್ತರ ಕೊಡಬೇಕು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದ್ದೆ. ಉತ್ತರ ಬಂತು. ಸಮಯದ ಆದೇಶ ಮಕ್ಕಳು ಅಂದುಕೊಂಡಿದ್ದಕ್ಕಿಂತ ಸ್ಪಷ್ಟವಾಗಿಯೇ ಇತ್ತು. ನಾನು ನಿರೀಕ್ಷಿಸದೇ ಇದ್ದದ್ದು ಬಾಕಿಯ ಕಾಲಮ್ಮಿನಲ್ಲಿತ್ತು. ಬೇಡಿಕೆ ಇಷ್ಟು, ವಸೂಲಿ ಅದಕ್ಕಿಂತ ಎಷ್ಟೋ ಕಡಿಮೆ. ಒಬ್ಬ ಹುಡುಗ ಕಾಗದ ನೋಡುತ್ತಾ, "ಹಂಗಾದ್ರೆ ಜಾಸ್ತಿ ಜನ ಕಟ್ಟೇ ಇಲ್ಲ ಅಲ್ವಾ ಸಾರ್?" ಅಂದ. ಕ್ಲಾಸು ಗಪ್ ಚಿಪ್. ರಸೀದಿ ತರಲು ಹೇಳಿದಾಗ ಬರಿಗೈಯಲ್ಲಿ ಬಂದವರೇ ಜಾಸ್ತಿ ಇದ್ದರಲ್ಲ. ನಾಗರಿಕರ ಕರ್ತವ್ಯಗಳ ಬಗ್ಗೆ ನಾನು ಆ ವರ್ಷ ಬೇರೆ ಪಾಠ ಮಾಡಬೇಕಾಗಲಿಲ್ಲ. ಕೆಲವು ಮಕ್ಕಳು ಮನೆಯಲ್ಲಿ ಹಟ ಹಿಡಿದು ಬಾಕಿ ಕಟ್ಟಿಸಿದರು.

ಕಾಗದ ಕೈಗೆ ಬಂದ ಮೇಲೆ ಮಕ್ಕಳ ಗ್ರಾಮ ಸಭೆ. ನಮ್ಮ ರಾಜ್ಯದಲ್ಲಿ ಪ್ರತಿ ಗ್ರಾಮ ಪಂಚಾಯತಿ ವರ್ಷಕ್ಕೊಮ್ಮೆ ಮಕ್ಕಳಿಗಾಗಿ ಪ್ರತ್ಯೇಕ ಗ್ರಾಮ ಸಭೆ ನಡೆಸಬೇಕು. ಕುಂದಾಪುರ ತಾಲೂಕಿನ ಕಡೆ 1990ರ ದಶಕದಲ್ಲೇ ದುಡಿಯುವ ಮಕ್ಕಳ ಸಂಘಟನೆಯವರು ಮಕ್ಕಳ ಪಂಚಾಯತಿ ಕಟ್ಟಿದ್ದರು, ನಾವು ಇವತ್ತು ಅನುಭವಿಸುತ್ತಿರುವುದರಲ್ಲಿ ಆ ಮಕ್ಕಳ ಪಾಲು ಇದೆ. ಆದರೆ ಎಷ್ಟೋ ಕಡೆ ಈ ಸಭೆ ಪ್ರಾರ್ಥನೆ, ಹಾರ, ಭಾಷಣ, ಬಿಸ್ಕತ್ತು, ಫೋಟೋದಲ್ಲಿ ಮುಗಿದುಹೋಗುತ್ತದೆ. ಅದು ಹಾಗಾಗಬಾರದು ಅಂದರೆ ಮಕ್ಕಳಿಗೆ ಎರಡು ಮಾತು ಕಲಿಸಿ. ಒಂದು, "ಹೋದ ವರ್ಷದ ನಡವಳಿಯ ಅನುಪಾಲನಾ ವರದಿ ಓದಿ ಸಾರ್." ಹೋದ ಸಭೆಯ ತೀರ್ಮಾನಗಳಲ್ಲಿ ಏನೇನು ಜಾರಿಯಾಗಿದೆ ಎಂಬ ವರದಿ ಅದು. ಇನ್ನೊಂದು, "ಇದನ್ನು ನಡವಳಿ ಪುಸ್ತಕದಲ್ಲಿ ಬರೆದುಕೊಳ್ಳಿ ಮೇಡಂ." ಹದಿನಾಲ್ಕರ ಹುಡುಗಿ ಎದ್ದು ನಿಂತು ಅನುಪಾಲನಾ ವರದಿ ಕೇಳಿದರೆ ವೇದಿಕೆ ಮೇಲಿದ್ದವರು ನೆಟ್ಟಗೆ ಕೂರುತ್ತಾರೆ. ಆ ವರ್ಷ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅವರು ಆದೇಶದ ಪ್ರತಿಯನ್ನು ಮಕ್ಕಳ ಕೈಯಿಂದಲೇ ಇಸಕೊಂಡು ಓದಿದರು. ಶಾಲೆ ಬಿಟ್ಟ ಮೇಲೂ ಕೇಂದ್ರ ತೆರೆದಿರಬೇಕು ಎಂದು ನಡವಳಿಯಲ್ಲಿ ಬರೆಸಿದರು. ಈಗ ಸಂಜೆ ತೆರೆದಿರುತ್ತದೆ. ಬೀದಿ ದೀಪದ ಬೇಡಿಕೆ ಇನ್ನೂ ಹಾಗೇ ಇದೆ, ಪ್ರತಿ ವರ್ಷ ಅನುಪಾಲನಾ ವರದಿಯಲ್ಲಿ ಕೇಳುತ್ತಲೇ ಇದ್ದಾರೆ.

ಹುಡುಗರ ಗಮನ ಸೆಳೆಯಲು ಬೈಕು ಸಾಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಮನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಹದಿನೆಂಟು ತುಂಬದವರು ಗಾಡಿ ಓಡಿಸಿ ಅಪರಾಧ ಮಾಡಿದರೆ ಗಾಡಿ ಕೊಟ್ಟ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಓಡಿಸಿದವನಿಗೆ 25 ವರ್ಷ ತುಂಬುವ ತನಕ ಕಲಿಯುವವರ ಲೈಸೆನ್ಸ್ ಅಂದರೆ ಎಲ್‌ಎಲ್‌ಆರ್ ಕೂಡ ಸಿಗುವುದಿಲ್ಲ. ಕೊನೆಯ ಸಾಲಿಗೆ ಹಿಂದಿನ ಬೆಂಚಿನವರೂ ಪೆನ್ನು ತೆಗೆಯುತ್ತಾರೆ. ಆದರೆ ಬರೀ ಹೆದರಿಸಿ ಬಿಟ್ಟರೆ ಅದು ಅರ್ಧ ಪಾಠ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಮಕ್ಕಳನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಮನೆಯವರಿಗೆ ತಿಳಿಸಲೇಬೇಕು ಎಂಬುದನ್ನೂ ಅದೇ ದಿನ ಹೇಳುತ್ತೇನೆ. ಪೊಲೀಸ್ ಠಾಣೆಗಳಲ್ಲಿ ಮಕ್ಕಳಿಗಾಗಿ "ತೆರೆದ ಮನೆ" ಕಾರ್ಯಕ್ರಮ ಇದೆ, ಕರೆದುಕೊಂಡು ಹೋಗಿ. ಠಾಣೆಯ ಒಳಗೆ ಒಮ್ಮೆ ಕೂತು ಬಂದ ಮಗು ಮುಂದೆ ದೂರು ಕೊಡಲು ಹಿಂಜರಿಯುವುದಿಲ್ಲ.

ನ್ಯಾಯಾಲಯದ ಬಗ್ಗೆ ಹೇಳಲು ನನ್ನ ಹತ್ತಿರ ಒಂದು ಪ್ರಕರಣ ಸದಾ ಸಿದ್ಧ ಇರುತ್ತದೆ, ಕೇರಳದ ಬಿಜೋ ಇಮ್ಯಾನುಯೆಲ್ ಪ್ರಕರಣ. 1985ರಲ್ಲಿ ಒಂದೇ ಮನೆಯ ಮೂವರು ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದರು. ಅವರು ಯೆಹೋವನ ಸಾಕ್ಷಿಗಳು ಎಂಬ ಪಂಗಡದವರು. ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ತಮ್ಮ ಧರ್ಮದ ನಂಬಿಕೆಯಿಂದಾಗಿ ಹಾಡುತ್ತಿರಲಿಲ್ಲ. ತೀರ್ಪು ಹೇಳದೆ ಇಷ್ಟು ಮಾತ್ರ ಹೇಳಿ, ನೀವೇ ನ್ಯಾಯಾಧೀಶರು ಎಂದು ಬಿಡುತ್ತೇನೆ. ಹೊರಗೆ ಹಾಕಿದ್ದೇ ಸರಿ ಎಂದು ಒಂದು ಗುಂಪು ಕೂಗುತ್ತದೆ. ಒಮ್ಮೆ ಒಬ್ಬ ಹುಡುಗಿ ನಿಧಾನಕ್ಕೆ ಕೇಳಿದಳು, "ಹಾಡಲೇಬೇಕು ಅಂತ ಯಾವ ಕಾನೂನಲ್ಲಿದೆ ಸಾರ್?" ಸುಪ್ರೀಂ ಕೋರ್ಟು 1986ರಲ್ಲಿ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಅಂಥ ಕಾನೂನು ಇರಲಿಲ್ಲ, ಮಕ್ಕಳು ಗೌರವದಿಂದ ನಿಂತಿದ್ದರು, ಹಾಗಾಗಿ ಶಾಲೆಗೆ ವಾಪಸ್ ಸೇರಿಸಿಕೊಳ್ಳಲು ಆದೇಶ ಆಯಿತು. ತಮ್ಮ ವಯಸ್ಸಿನವರು ದೇಶದ ದೊಡ್ಡ ಕೋರ್ಟಿನ ತನಕ ಹೋಗಿ ಗೆದ್ದರು ಎನ್ನುವುದನ್ನು ಮಕ್ಕಳು ಮರೆಯುವುದಿಲ್ಲ. ತೀರ್ಪು ಒಪ್ಪದವರೂ ಇರುತ್ತಾರೆ, ಇರಲಿ. ಒಪ್ಪದೆ ಇರುವುದಕ್ಕೆ ಕಾರಣ ಬರೆಯಲು ಹೇಳುತ್ತೇನೆ.

ಇಷ್ಟೆಲ್ಲ ಕಲಿತ ಮಕ್ಕಳು ಮೊದಲು ಪ್ರಶ್ನೆ ಮಾಡುವುದು ಶಾಲೆಯನ್ನೇ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಕೊಡುವಂತಿಲ್ಲ ಎಂದಾಗ ಒಬ್ಬ ಹುಡುಗ ಲೆಕ್ಕ ಹಾಕಿ ಕೇಳಿದ. "ಆ ಕಾಯ್ದೆ ಹದಿನಾಲ್ಕರವರೆಗೆ ಅಲ್ವಾ ಸಾರ್? ನಮ್ಮಂಥ ಹತ್ತನೇ ಕ್ಲಾಸಿನವರಿಗೆ ಹೊಡೀಬಹುದಾ?" ಒಳ್ಳೆಯ ಪ್ರಶ್ನೆ. ಬಾಲನ್ಯಾಯ ಕಾಯ್ದೆಯ 75ನೇ ಕಲಂ ಹದಿನೆಂಟರವರೆಗೂ ಕಾಯುತ್ತದೆ ಎಂದು ತೋರಿಸಿದೆ. ಇದು ಸ್ಟಾಫ್ ರೂಮಿಗೂ ಮುಟ್ಟಿತು. "ಇದನ್ನೆಲ್ಲ ಹೇಳಿಕೊಟ್ಟರೆ ನಾಳೆ ನಮ್ಮ ಮೇಲೇ ತಿರುಗಿ ಬೀಳ್ತಾರೆ" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಬೇಸರ ಮಾಡಿಕೊಂಡರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ನಾನು ಒಪ್ಪುವುದಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ, ವ್ಯಕ್ತಿ ಗೌರವ ಎಂದು ಬಾಯಲ್ಲಿ ಹೇಳಿಸಿ, ಮೊದಲ ಪಿರಿಯಡ್ಡಿನಲ್ಲೇ ಬೆತ್ತ ಹಿಡಿದರೆ ಮಕ್ಕಳು ಯಾವುದನ್ನು ನಂಬಬೇಕು?

ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಕಾಯ್ದೆ) ಮತ್ತು ಬಾಲ್ಯವಿವಾಹದ ಪಾಠಕ್ಕೆ ಮುಂಚೆ ನಾನು ಒಂದು ಮಾತನ್ನು ಬಿಚ್ಚಿ ಹೇಳುತ್ತೇನೆ. ನಿಮಗೆ ಯಾರಾದರೂ ಲೈಂಗಿಕ ಹಿಂಸೆ ಕೊಟ್ಟಿದ್ದಾರೆ ಎಂದು ನನಗೆ ಹೇಳಿದರೆ ಅದನ್ನು ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆ 2012ರಂತೆ ನನ್ನ ಕರ್ತವ್ಯ. ಗುಟ್ಟಾಗಿ ಇಡುತ್ತೇನೆ ಎಂದು ಸುಮ್ನೆ ಮಾತು ಕೊಡಲಾರೆ. ಆದರೆ ನಿಮ್ಮ ಹೆಸರು ಊರಲ್ಲಿ ಹರಡದಂತೆ ಅದೇ ಕಾನೂನು ಕಾಯುತ್ತದೆ. ಹೀಗೆ ಮೊದಲೇ ಹೇಳಿದರೆ ಯಾರೂ ಬಾಯಿ ಬಿಡುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ನನ್ನ ಅನುಭವ ಹಾಗಿಲ್ಲ. ಏನಾಗುತ್ತದೆ ಎಂದು ಗೊತ್ತಿದ್ದಾಗಲೇ ಮಕ್ಕಳು ಬಂದು ಹೇಳುತ್ತಾರೆ. ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನು ಬಾಯಿಪಾಠ ಮಾಡಿಸುತ್ತೇನೆ, ಯಾಕೆಂದರೆ ಹೆಣ್ಣುಮಕ್ಕಳ ಕೈಯಿಂದ ಮೊದಲು ಕಿತ್ತುಕೊಳ್ಳುವುದೇ ಫೋನು.

ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ನಮ್ಮ ರಾಜ್ಯದ ತಿದ್ದುಪಡಿಯಂತೆ ಬಾಲ್ಯವಿವಾಹ ನಡೆದರೂ ಅದು ಮದುವೆಯೇ ಅಲ್ಲ. ಅಧಿಕಾರಿಗಳು ತಡೆಯಲು ಬಂದಾಗ "ನಮ್ಮ ಹುಡುಗಿಗೆ ಹದಿನೆಂಟು ಆಗಿದೆ" ಎಂದು ಮನೆಯವರು ವಾದಿಸುವುದು ಸಾಮಾನ್ಯ. ಆಗ ನೋಡುವುದು ಶಾಲೆಯ ದಾಖಲೆಯಲ್ಲಿರುವ ಹುಟ್ಟಿದ ದಿನಾಂಕವನ್ನು. ಹಾಗಾಗಿ ಶಾಲೆ ಶುರುವಾದ ಜೂನ್ ತಿಂಗಳಲ್ಲೇ ಪ್ರತಿ ವಿದ್ಯಾರ್ಥಿಗೂ ದಾಖಲಾತಿ ಪುಸ್ತಕದಲ್ಲಿರುವ ತಮ್ಮ ಸಾಲನ್ನು ತೋರಿಸುತ್ತೇನೆ. ಹೆಸರು, ಹುಟ್ಟಿದ ದಿನಾಂಕ, ತಾಯಿಯ ಹೆಸರನ್ನು ಅವರೇ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ತಪ್ಪಿದ್ದರೆ ತಿದ್ದುಪಡಿಯನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿ ತುಂಬುವ ಮುಂಚೆಯೇ ಮಾಡಿಸಿಬಿಡಿ. ಅಂಕಪಟ್ಟಿ ಕೈಗೆ ಬಂದ ಮೇಲೆ ಓಡಾಟ ಜಾಸ್ತಿ.