ಕೆಲಸದ ಪ್ರವಾಸ, ಸಂಜೆಯ ಸಂಗೀತ: ಇಬ್ಬರ ವಾರ ಹೊಂದಿಸುವುದು ಹೇಗೆ

ಕೆಲಸದ ಪ್ರವಾಸಕ್ಕೆ ಸಂಗಾತಿಯೂ ಜೊತೆಗೆ ಬಂದು, ಸಂಜೆ ಇಬ್ಬರೂ ಸಂಗೀತ ಕಾರ್ಯಕ್ರಮಕ್ಕೆ ಹೋಗುವುದಾದರೆ, ಮೊದಲು ಮೀಟಿಂಗ್‌ಗಳ ವೇಳಾಪಟ್ಟಿ ಕೈಗೆ ಬರಲಿ, ಕಾರ್ಯಕ್ರಮದ ಟಿಕೆಟ್ ಆಮೇಲೆ. ವಾರಕ್ಕೆ ಎರಡು ಕಾರ್ಯಕ್ರಮ ಸಾಕು. ಬಂದಿಳಿದ ದಿನ ಬೇಡ: ವಿಮಾನ ತಡವಾದರೆ ಟಿಕೆಟ್ ದುಡ್ಡು ನೀರುಪಾಲು. ಮುಖ್ಯ ಮೀಟಿಂಗ್‌ನ ಹಿಂದಿನ ರಾತ್ರಿಯಂತೂ ಬೇಡವೇ ಬೇಡ.

ರೂಮನ್ನು ಆಫೀಸಿನ ಪಕ್ಕಕ್ಕಿಂತ ಸಭಾಂಗಣದಿಂದ ನಡೆದು ಬರುವಷ್ಟು ದೂರದಲ್ಲಿ ಹಿಡಿಯಿರಿ. ಬೆಳಗ್ಗೆ ಟ್ಯಾಕ್ಸಿ ಸುಲಭ. ಕಾರ್ಯಕ್ರಮ ಬಿಟ್ಟಾಗ ಎಲ್ಲರೂ ಒಟ್ಟಿಗೇ ಹುಡುಕುತ್ತಾರೆ, ಬಾಡಿಗೆ ಏರುತ್ತದೆ. ಲ್ಯಾಪ್‌ಟಾಪ್ ಚೀಲ ರೂಮಿನಲ್ಲೇ ಇರಲಿ. ಎಷ್ಟೋ ಕಡೆ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ.

ಎರಡು ಜೊತೆ ಇಯರ್‌ಪ್ಲಗ್ (ಸದ್ದು ತಗ್ಗಿಸಲು ಕಿವಿಗೆ ಸಿಕ್ಕಿಸುವ ಬಿರಡೆ) ಮರೆಯಬೇಡಿ. ಕಿವಿ ಕೆಡದಿರಲು 85 ಡೆಸಿಬಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ ಎಂದು ಲೆಕ್ಕ. ಸದ್ದು 3 ಡೆಸಿಬಲ್ ಏರಿದಂತೆಲ್ಲ ಆ ಅವಧಿ ಅರ್ಧವಾಗುತ್ತದೆ; 100ಕ್ಕೆ ಉಳಿಯುವುದು 15 ನಿಮಿಷ ಮಾತ್ರ, ರಾಕ್ ಕಾರ್ಯಕ್ರಮಗಳಲ್ಲಿ 100 ಏನೂ ಅಪರೂಪವಲ್ಲ. ಸ್ಪಂಜಿನವು ತಾರಸ್ಥಾಯಿಯನ್ನೇ ಹೆಚ್ಚು ನುಂಗಿ ಹಾಡನ್ನು ಮಂಕಾಗಿಸುತ್ತವೆ. ಸಂಗೀತಕ್ಕೆಂದೇ ಮಾಡಿದ ಫಿಲ್ಟರ್ ಇರುವಂಥವು ಲೇಸು.

ಊಟಕ್ಕೆ ಕಾರ್ಯಕ್ರಮಕ್ಕಿಂತ ಎರಡೂವರೆ ಗಂಟೆ ಮೊದಲೇ ಟೇಬಲ್ ಕಾಯ್ದಿರಿಸಿ, ಕೂತ ತಕ್ಷಣ ಹೊರಡುವ ಸಮಯ ಹೇಳಿಬಿಡಿ. ಹೆಸರುವಾಸಿ ಜಾಗಕ್ಕೆ ಸಂಗೀತವಿಲ್ಲದ ಸಂಜೆಯೇ ಸರಿ. ಗಡಿಯಾರ ನೋಡುತ್ತಾ ಒಳ್ಳೆಯ ಊಟ ನುಂಗುವುದು ದಂಡ. ಸಂಗಾತಿಯ ಬಿಲ್ ಬೇರೆ ಮಾಡಿಸಿ. ಇಬ್ಬರದೂ ಒಂದರಲ್ಲೇ ಇದ್ದರೆ ಅಕೌಂಟ್ಸ್‌ನವರು ವಾಪಸ್ ಕಳಿಸುವುದುಂಟು.